ಕೋಪದ ಕೈಗೆ ಉಳಿ ಕೊಡದ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪೀಠೋಪಕರಣ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮಾತ್ರ ಟ್ಯೂಬ್‌ಲೈಟು ಉರಿಯುತ್ತಿದೆ. ಐವತ್ತೆರಡು ವರ್ಷದ ಅಕ್ಕ ಕಿಟಕಿಯ ಹಲಗೆಯನ್ನು ಮೇಲಕ್ಕೆತ್ತಿ ಕೊಕ್ಕೆ ಹಾಕುತ್ತಾರೆ. ಹೊರಗೆ ಆಗಲೇ ಸಾಲು ಬೆಳೆದಿದೆ. ಒಬ್ಬೊಬ್ಬರೂ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಅದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಆ ಮೊಳೆಯಲ್ಲಿದ್ದ ಉಳಿಯನ್ನೋ ಸುತ್ತಿಗೆಯನ್ನೋ ಅಕ್ಕ ಕೊಡುತ್ತಾರೆ.

"ಮಗು ನಿದ್ದೆ ಮಾಡ್ತೇನಪ್ಪಾ?" ಎಂದು ಕೆಂಗಣ್ಣಿನ ಬಡಗಿಯೊಬ್ಬನನ್ನು ಕೇಳುತ್ತಾರೆ.

"ಎಲ್ಲಿ ಅಕ್ಕಾ, ಮೂರು ದಿನ ಆಯ್ತು, ಮನೇಲಿ ಯಾರೂ ಕಣ್ಣು ಮುಚ್ಚಿಲ್ಲ."

"ಹಂಗಾದ್ರೆ ಇವತ್ತು ಗರಗಸದ ಮೆಷಿನ್ ಹತ್ರ ಸುಳೀಬೇಡ. ಮೇಸ್ತ್ರಿಗೆ ನಾನು ಹೇಳ್ತೀನಿ."

ಅರವತ್ತಮೂರು ಕೆಲಸಗಾರರು, ನಾನೂರಕ್ಕೂ ಮಿಕ್ಕಿದ ಸಲಕರಣೆಗಳು, ಅರ್ಧ ಗಂಟೆಯ ಗಡಿಬಿಡಿ. ವಯಸ್ಸಿನಲ್ಲಿ ಹಿರಿಯರಾದವರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಕಾರ್ಖಾನೆಯ ಕಾಗದಪತ್ರಗಳಲ್ಲಿ ಅವರ ಕೆಲಸ "ಸಲಕರಣೆ ವಿತರಣೆ". ಅಕ್ಕ ಅದನ್ನು ಬೇರೆ ಥರ ಹೇಳುತ್ತಾರೆ: "ಬಿಲ್ಲೆ ಈಸ್ಕೊಂಡು ಸಾಮಾನು ಕೊಡೋದು ಯಾರು ಬೇಕಾದ್ರೂ ಮಾಡ್ತಾರೆ. ನಾನು ಮುಖಾನೂ ನೋಡ್ತೀನಿ."

ಮುಖ ನೋಡುವುದನ್ನು ಅವರು ಕಲಿತದ್ದು ಸುಖದಲ್ಲಲ್ಲ. ಹನ್ನೊಂದು ವರ್ಷದ ಹಿಂದೆ ಅವರ ಸ್ವಂತ ತಮ್ಮನೂ ಇದೇ ಸಾಲಿನಲ್ಲಿ ನಿಲ್ಲುತ್ತಿದ್ದ. ಕುರ್ಚಿಗೆ ಕಾಲು ಜೋಡಿಸುವ ಕೆಲಸ. ಪಕ್ಕದ ಮೇಜಿನವನಿಗೂ ಅವನಿಗೂ ವಾರದಿಂದ ಎಣ್ಣೆ ಸೀಗೆಕಾಯಿ. ಒಬ್ಬರ ಅಳತೆಗೋಲು ಇನ್ನೊಬ್ಬರು ಎತ್ತಿಕೊಂಡರೆಂಬ ಜುಜುಬಿ ವಿಷಯ. ಆ ದಿನ ಬೆಳಿಗ್ಗೆ ತಮ್ಮ ಬಂದು ಸುತ್ತಿಗೆ ಕೇಳಿದ. ಮುಖ ಕಪ್ಪಿಟ್ಟಿತ್ತು. ಅಕ್ಕ ಸುತ್ತಿಗೆ ಕೊಟ್ಟರು. ಹತ್ತು ನಿಮಿಷದಲ್ಲಿ ಅದೇ ಸುತ್ತಿಗೆ ಪಕ್ಕದವನ ಬಲಗೈ ಮೇಲೆ ಬಿದ್ದಿತ್ತು.

ಆ ತಮ್ಮ ಕೆಲಸ ಕಳೆದುಕೊಂಡು ಎಂಟು ತಿಂಗಳು ಜೈಲಿನಲ್ಲಿದ್ದ. ಅವನ ಹೆಂಡತಿ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಅಕ್ಕನ ಎರಡು ಕೋಣೆಯ ಮನೆಗೆ ಬಂದಳು. ಪೆಟ್ಟು ತಿಂದವರಿಗೆ ಎರಡು ಬೆರಳು ಇಂದಿಗೂ ಮಡಿಸಲು ಬರುವುದಿಲ್ಲ. ಅವರೀಗ ತಯಾರಾದ ಸಾಮಾನು ಪರೀಕ್ಷಿಸಿ ಸೀಲು ಒತ್ತುತ್ತಾರೆ. ಎಲ್ಲರ ಬಾಯಲ್ಲೂ ಸೀಲಣ್ಣ. ಆಸ್ಪತ್ರೆಯಿಂದ ಮರಳಿದ ದಿನ ಅವರು ನೇರ ಕಿಟಕಿಯ ಮುಂದೆ ಬಂದು ನಿಂತಿದ್ದರು.

"ಬಯ್ತಾರೆ ಅಂದ್ಕೊಂಡೆ," ಅಕ್ಕ ನೆನೆಯುತ್ತಾರೆ. "ಬಯ್ಲಿಲ್ಲ. 'ಅಕ್ಕಾ, ಆವತ್ತು ಅವನ ಮುಖ ನೀವು ನೋಡಿರ್ಲಿಲ್ವಾ?' ಅಂತ ಕೇಳಿದ್ರು, ಅಷ್ಟೇ. ನೋಡಿದ್ದೆ. ಕೊಡೋದಷ್ಟೇ ನನ್ನ ಕೆಲಸ ಅಂತ ಕೊಟ್ಬಿಟ್ಟಿದ್ದೆ."

ಅಂದಿನಿಂದ ಅಕ್ಕ ವರ್ಷಕ್ಕೆ ಆರೇಳು ಸಲವಾದರೂ "ಇಲ್ಲ" ಎನ್ನುತ್ತಾರೆ.

ಕಳೆದ ವರ್ಷದ ಒಂದು "ಇಲ್ಲ" ಅವರ ಕೆಲಸಕ್ಕೇ ಕುತ್ತು ತಂದಿತ್ತು. ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಕೆತ್ತನೆಗಾರರೊಬ್ಬರು ಒಂದೂವರೆ ಇಂಚಿನ ಅಗಲದ ಉಳಿ ಕೇಳಿದರು. ಅವರಿಗೆ ಆ ದಿನವಿದ್ದದ್ದು ಸಣ್ಣ ಹೂಬಳ್ಳಿಯ ಕೆತ್ತನೆ; ಅದಕ್ಕೆ ಬೇಕಾದದ್ದು ಸಪೂರ ಉಳಿ. ಅಕ್ಕ ತಲೆ ಎತ್ತಿ ನೋಡಿದರು. ಕೆತ್ತನೆಗಾರರ ದವಡೆ ಬಿಗಿದಿತ್ತು, ಕಣ್ಣು ದೂರದಲ್ಲಿದ್ದ ಪಾಲಿಶ್ ಹುಡುಗನ ಬೆನ್ನ ಮೇಲಿತ್ತು.

"ಸಾಣೆಗೆ ಹೋಗಿದೆ," ಎಂದರು ಅಕ್ಕ.

"ನಿಮ್ಮ ಬೆನ್ನ ಹಿಂದೇನೇ ನೇತಾಡ್ತಿದೆಯಲ್ಲಾ!"

ಸುಳ್ಳು ನಿಲ್ಲಲಿಲ್ಲ. "ಹೌದು, ಇದೆ. ಆದ್ರೆ ಇವತ್ತು ಕೊಡಲ್ಲ."

ಕೆತ್ತನೆಗಾರರು ಕಿಟಕಿಯ ಕಟ್ಟೆಗೆ ಗುದ್ದಿದರು, ಬಾಯಿಗೆ ಬಂದದ್ದು ಅಂದರು. ಅಕ್ಕ ಕಿಟಕಿಯ ಹಲಗೆ ಇಳಿಸಿ, ಪಕ್ಕದ ಬಾಗಿಲು ತೆಗೆದು, "ಒಳಗೆ ಬನ್ನಿ, ತೂತು ಕೊರೆಯೋ ಈ ಡ್ರಿಲ್ ಬಿಟ್‌ಗಳೆಲ್ಲಾ ಕಲಸಿಹೋಗಿವೆ, ನಂಬರ್ ಪ್ರಕಾರ ಜೋಡಿಸಿಕೊಡಿ," ಎಂದು ಡಬ್ಬ ಮುಂದಿಟ್ಟರು. ಹೊರಗೆ ಹದಿನಾಲ್ಕು ಜನ ಕಾದು ಗೊಣಗುತ್ತಿದ್ದರು. ಕೆತ್ತನೆಗಾರರು ಧುಮುಗುಡುತ್ತಲೇ ಕೂತರು. ಒಂದು ಬಿಟ್ ಎತ್ತಿ ಅದರ ನಂಬರು ಓದಲು ದೀಪಕ್ಕೆ ಹಿಡಿದರು, ದೂರ ಹಿಡಿದರು, ಮೂಗಿನ ಹತ್ತಿರ ತಂದರು. ಕೊನೆಗೆ ಡಬ್ಬ ಪಕ್ಕಕ್ಕೆ ಸರಿಸಿ ತಲೆ ತಗ್ಗಿಸಿದರು.

"ಅಕ್ಕಾ, ನಂಗೆ ಕಾಣಿಸ್ತಾನೇ ಇಲ್ಲ."

ಆರು ತಿಂಗಳಿಂದ ಕಣ್ಣು ಮಂಜಾಗುತ್ತಿತ್ತು. ಕೆಲಸ ಹೋದೀತೆಂದು ಹೆಂಡತಿಗೂ ಹೇಳಿರಲಿಲ್ಲ. ಹಿಂದಿನ ದಿನ ಅವರು ಮೇಜಿನ ಮೇಲಿದ್ದ ಪೆನ್ಸಿಲ್ಲಿಗೆ ತಡಕಾಡುವುದನ್ನು ಪಾಲಿಶ್ ಹುಡುಗ ವಿಡಿಯೊ ಮಾಡಿ ಎಲ್ಲರ ಮೊಬೈಲಿಗೂ ಕಳಿಸಿದ್ದ. ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತ್ತು.

ಮೇಸ್ತ್ರಿಗೆ ಹೇಳಬಹುದೇ ಎಂದು ಅಕ್ಕ ಮೊದಲು ಅವರನ್ನೇ ಕೇಳಿದರು. ಅವರು ಹೂಂ ಎಂದ ಮೇಲೆಯೇ ಹೇಳಿದರು. ಮಧ್ಯಾಹ್ನ ಪಾಲಿಶ್ ಹುಡುಗ ಕಿಟಕಿಗೆ ಬಂದ.

"ಅವರ ಕಣ್ಣಿಗೆ ಹೀಗಾಗಿದೆ ಅಂತ ಗೊತ್ತಿರ್ಲಿಲ್ಲ ಅಕ್ಕಾ."

"ಗೊತ್ತಿರ್ಲಿಲ್ಲ, ಸರಿ. ನಗೋಕೆ ಮುಂಚೆ ಒಂದು ಮಾತು ಕೇಳಬಹುದಿತ್ತಲ್ಲ?"

ಅವನು ಎಲ್ಲರೆದುರು ತಪ್ಪೊಪ್ಪಿಕೊಂಡ. ಕೆತ್ತನೆಗಾರರ ಎರಡೂ ಕಣ್ಣಿನ ಪೊರೆ ತೆಗೆದದ್ದಾಯಿತು. ಈಗ ಅವರು ಮತ್ತೆ ಹೂಬಳ್ಳಿ ಕೆತ್ತುತ್ತಿದ್ದಾರೆ. ಆದರೆ ಇಪ್ಪತ್ತು ನಿಮಿಷ ಕಿಟಕಿ ಮುಚ್ಚಿದ್ದಕ್ಕೆ ಅಕ್ಕನಿಗೆ ಮ್ಯಾನೇಜರ್ ನೋಟಿಸು ಕೊಟ್ಟರು. ಆಗ ಕಚೇರಿಗೆ ನಡೆದವರು ಸೀಲಣ್ಣ. ಮಡಿಸಲಾಗದ ಕೈಯನ್ನು ಮೇಜಿನ ಮೇಲಿಟ್ಟು, "ಸಾರ್, ಆವತ್ತೂ ಹೀಗೆ ಕಿಟಕಿ ಮುಚ್ಚಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದರಂತೆ. ನೋಟಿಸು ವಾಪಸಾಯಿತು. ಅನುಮಾನ ಬಂದರೆ ಕಾರಣ ಹೇಳದೆ ಸಲಕರಣೆ ತಡೆಯಬಹುದೆಂಬ ನಿಯಮ ಬಂತು. ಮಧ್ಯಾಹ್ನದ ಪಾಳಿಯಲ್ಲಿ ಕಿಟಕಿ ನೋಡಿಕೊಳ್ಳುವವಳಿಗೂ ಅಕ್ಕ ಈಗ ಮುಖ ನೋಡುವುದನ್ನು ಕಲಿಸುತ್ತಿದ್ದಾರೆ.

"ಜಗಳ ಬಿಡಿಸೋ ಶಕ್ತಿ ನನಗಿಲ್ಲಪ್ಪಾ," ಎನ್ನುತ್ತಾರೆ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ. "ಸ್ವಲ್ಪ ತಡ ಮಾಡ್ತೀನಿ, ಅಷ್ಟೇ. ತಡ ಆದ್ರೆ ಮನುಷ್ಯ ತಾನೇ ಸರಿಹೋಗ್ತಾನೆ."

ನಿಮಗೆಂದು ಏನಾದರೂ ಬೇಕೇ ಎಂದರೆ ಕಿಟಕಿಯಾಚೆಯ ಖಾಲಿ ಜಾಗ ತೋರಿಸಿ ನಗುತ್ತಾರೆ. "ಅಲ್ಲೊಂದು ಬೆಂಚು ಹಾಕಿಸಿಕೊಟ್ರೆ ಸಾಕು. ಕೂತ್ರೆ ಅರ್ಧ ಕೋಪ ಇಳಿಯುತ್ತೆ. ದಿನಕ್ಕೆ ಇನ್ನೂರು ಕುರ್ಚಿ ಮಾಡೋ ಕಾರ್ಖಾನೆ ಇದು. ನನ್ನ ಕಿಟಕಿಗೆ ಬರೋರಿಗೆ ಮಾತ್ರ ಕೂರೋಕೆ ಜಾಗ ಇಲ್ಲ, ನೋಡಿ!"