ನಟ್ಟಪ್ಪನ ಕೈಯ ಕೆಂಪು ಚೀಟಿ

ಲಗ್ಗೆರೆಯಲ್ಲಿ ಮಹಡಿ ಮೇಲೊಂದು ಶೀಟಿನ ರೂಮಿಲ್ಲದ ಮನೆ ಹುಡುಕುವುದು ಕಷ್ಟ. ಕೆಲವರು ಅದನ್ನು ಬಾಡಿಗೆಗೆ ಕೊಡುತ್ತಾರೆ, ಕೆಲವರು ಮುರಿದ ಮಂಚ, ಕೆಟ್ಟ ಟಿವಿ ತುಂಬಿ ಬೀಗ ಹಾಕುತ್ತಾರೆ. ಶಶಿಕಲಾ ಅಲ್ಲಿ ಒಂದು ನದಿ ಇಟ್ಟುಕೊಂಡಿದ್ದಳು. ಪ್ಲೈವುಡ್ ಹಲಗೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆಯ ನೀರು, ಅದರ ಮೇಲೆ ಹತ್ತಿಯ ನೊರೆ, ದಡದಲ್ಲಿ ಗೇಣುದ್ದದ ಒಂದು ಹಿತ್ತಾಳೆ ರೋಬೋ. ನಲವತ್ತೇಳು ವರ್ಷದ ಹೆಂಗಸು ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಬೊಂಬೆ ಆಡಿಸುತ್ತಾಳೆಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಬಾಯಿಗೆ ಬಾಡಿಗೆ ಕಟ್ಟಬೇಕೇ? ಅವಳು ಮಾಡುತ್ತಿದ್ದದ್ದು ಸಿನಿಮಾ.

ರೋಬೋವಿನ ಹೆಸರು ನಟ್ಟಪ್ಪ. ತಲೆ ದೊಡ್ಡದೊಂದು ನಟ್ಟು, ಹೊಟ್ಟೆ ಹಳೆಯ ವಾಲ್ವು, ಕೈಕಾಲು ಗಂಡ ಮುತ್ತುರಾಜನ ಲೇತ್ ಅಂಗಡಿಯಲ್ಲಿ ಬಿದ್ದಿದ್ದ ಹಿತ್ತಾಳೆ ಚೂರುಗಳು. ಅವನನ್ನು ಕೂದಲೆಳೆಯಷ್ಟು ಸರಿಸಬೇಕು, ಸ್ಟ್ಯಾಂಡಿಗೆ ಕಟ್ಟಿದ ಹಳೆ ಫೋನಿನಲ್ಲಿ ಒಂದು ಫೋಟೋ ತೆಗೆಯಬೇಕು, ಮತ್ತೆ ಸರಿಸಬೇಕು, ಮತ್ತೆ ತೆಗೆಯಬೇಕು. ಹನ್ನೆರಡು ಫೋಟೋ ಆದರೆ ತೆರೆಯ ಮೇಲೆ ಒಂದು ಸೆಕೆಂಡು. ರಿಂಗ್ ರೋಡಿನಲ್ಲಿ ದೊಡ್ಡ ಲಾರಿ ಹೋದರೆ ಮೇಜು ನಡುಗುತ್ತದೆ, ತೆಗೆದದ್ದು ದಂಡ. ಫ್ಯಾನು ಹಾಕುವಂತಿಲ್ಲ, ಹತ್ತಿ ಹಾರುತ್ತದೆ. ಕಿಟಕಿಗೆ ಕಂಬಳಿ ಹೊದಿಸಿ, ಬೇಯುವ ಶೀಟಿನ ಕೆಳಗೆ ಕೂತು ಅವಳು ಹದಿನಾಲ್ಕು ತಿಂಗಳಲ್ಲಿ ಏಳು ನಿಮಿಷ ಮಾಡಿದ್ದಳು. ಆ್ಯಪ್ ಬಳಸುವುದನ್ನು ಹೇಳಿಕೊಟ್ಟವಳು ಬಿ.ಕಾಂ. ಓದುವ ಮಗಳು ವಚನಾ. ಮೊಂಡುತನ ಮಾತ್ರ ಶಶಿಕಲಾಳ ಸ್ವಂತದ್ದು.

ಕಥೆ ನಡೆಯುವುದು ಮುಂದೆಂದೋ ನೂರು ವರ್ಷದಾಚೆ. ಮನುಷ್ಯರೆಲ್ಲ ಮೋಡ ಮುಟ್ಟುವ ಕಟ್ಟಡಗಳನ್ನು ಸೇರಿಕೊಂಡಿದ್ದಾರೆ. ಕೆಂಗೇರಿಯ ಹತ್ತಿರ ವೃಷಭಾವತಿ ನದಿಯ ದಡದಲ್ಲಿ ನಟ್ಟಪ್ಪನೊಬ್ಬನೇ. ದಿನಾ ಬೆಳಗ್ಗೆ ಒಂದು ಲೋಟ ನೀರು ಮೊಗೆದು, ನೋಡಿ, ಕಂಬಕ್ಕೆ ಹಸಿರು ಚೀಟಿ ನೇತುಹಾಕುವುದು ಅವನ ಕೆಲಸ. ಹಸಿರೆಂದರೆ ನೀರು ಚೆನ್ನಾಗಿದೆ ಎಂದರ್ಥ. ನೀರು ಹೇಗಿದ್ದರೂ ಹಸಿರೇ, ಅವನ ಪೆಟ್ಟಿಗೆಯಲ್ಲಿ ಬೇರೆ ಬಣ್ಣವಿಲ್ಲ. ಒಂದು ದಿನ ಅವನು ತೇಲಿಬಂದ ಕೆಂಪು ಬಕೆಟ್ಟಿನ ಚೂರನ್ನು ಕತ್ತರಿಸಿ ಚೀಟಿ ಮಾಡಿ ಎತ್ತಿ ಹಿಡಿಯುತ್ತಾನೆ. ದೊಡ್ಡ ರೋಬೋಗಳು ಬಂದು ಅವನ ಬ್ಯಾಟರಿ ಕಿತ್ತುಕೊಂಡು ಹೋಗುತ್ತವೆ. ಚೀಟಿ ಹಿಡಿದ ಕೈ ಹಾಗೆಯೇ ನಿಂತುಬಿಡುತ್ತದೆ.

ಈ ಕಥೆ ಅವಳಿಗೆ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೀಣ್ಯದಲ್ಲಿ ಲೋಹಕ್ಕೆ ಹೊಳಪಿನ ಲೇಪ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ಶಶಿಕಲಾ ಹನ್ನೊಂದು ವರ್ಷ ಚೆಕಿಂಗ್ ಕೆಲಸದಲ್ಲಿದ್ದಳು. ಸರಿಯಿದ್ದ ಮಾಲಿಗೆ ಹಸಿರು ಚೀಟಿ, ಕೆಟ್ಟದ್ದಕ್ಕೆ ಕೆಂಪು. ಅವಳ ಕಣ್ಣು ತಪ್ಪಿಸಿ ಒಂದು ಗೀರೂ ಹೊರಗೆ ಹೋಗುತ್ತಿರಲಿಲ್ಲ. ಆದರೆ ಸಂಜೆ ಹೊರಡುವ ಮುಂಚೆ ಇನ್ನೊಂದು ರಿಜಿಸ್ಟರ್ ಇರುತ್ತಿತ್ತು, ವೃಷಭಾವತಿಗೆ ಸೇರುವ ಮೋರಿಗೆ ಬಿಡುವ ನೀರಿನದು. ನೀರು ಒಂದು ದಿನ ಪಾಚಿ ಬಣ್ಣ, ಒಂದು ದಿನ ಹಳದಿ, ಗಂಟಲು ಕೆರೆಯುವ ವಾಸನೆ. ಸೂಪರ್‌ವೈಸರ್ ಕೊಟ್ರೇಶ್ ಪೆನ್ನು ಮುಂದಿಟ್ಟು, ಬೇಗ ಬರೀಮ್ಮ, ಬಸ್ಸು ಹೋಗುತ್ತೆ ಎನ್ನುತ್ತಿದ್ದ. ಅವಳು ಓಕೆ ಎಂದು ಬರೆದು ಸಹಿ ಹಾಕುತ್ತಿದ್ದಳು. ಮುಂದಿನ ತಿಂಗಳಿಂದ ಹಾಕುವುದಿಲ್ಲ ಎಂದು ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದಳು. ಕೊನೆಗೆ ಕಾರ್ಖಾನೆಯೇ ಬೇರೆ ಕಡೆ ಎದ್ದುಹೋಯಿತು, ಅವಳ ಸಹಿ ನಿಂತದ್ದು ಹಾಗೆ.

ಆಮೇಲೊಂದು ದಿನ ಮೈಸೂರು ರೋಡಿನ ಬಸ್ಸಿನಲ್ಲಿ ಹೋಗುವಾಗ ನದಿಯ ನೊರೆ ಕಿಟಕಿಯಿಂದ ಹಾರಿಬಂದು ವಚನಾಳ ತೋಳಿಗೆ ಅಂಟಿತು. ಇದು ಎಲ್ಲಿಂದ ಬರುತ್ತಮ್ಮ ಎಂದು ಮಗಳು ಕೇಳಿದಳು. ಗೊತ್ತಿಲ್ಲ ಎಂದಳು ತಾಯಿ. ಆ ಸುಳ್ಳು ಅವಳಿಗೆ ಜೀರ್ಣವಾಗಲಿಲ್ಲ. ತನ್ನ ಬಾಯಲ್ಲಿ ಬರದ ಮಾತನ್ನು ಬೊಂಬೆಯ ಕೈಯಲ್ಲಾದರೂ ಹೇಳಿಸಬೇಕೆಂದು ಹಟ ತೊಟ್ಟಳು. ಬಸವೇಶ್ವರನಗರದ ಒಂದು ಸಭಾಂಗಣದಲ್ಲಿ ಮಕ್ಕಳಿಗಾಗಿ ಸಣ್ಣ ಸಿನಿಮಾಗಳ ಪ್ರದರ್ಶನವಿತ್ತು. ಆಯುಧಪೂಜೆ ಕಳೆದು ಹತ್ತನೇ ದಿನದೊಳಗೆ ಕಳಿಸಬೇಕು. ಬಾಕಿಯಿದ್ದದ್ದು ಕೊನೆಯ ನಲವತ್ತು ಸೆಕೆಂಡು, ಕದಲದೆ ನಿಂತ ನಟ್ಟಪ್ಪನ ಕಾಲಿಗೆ ನೊರೆ ಏರುವುದು.

ಆಯುಧಪೂಜೆಯ ಬೆಳಗ್ಗೆ ಶಶಿಕಲಾ ಹೂವು, ಬೂದುಗುಂಬಳ ತೆಗೆದುಕೊಂಡು ಗಂಡನ ಅಂಗಡಿಗೆ ಹೋದಳು. ಮನೆಯ ಪೂಜೆ ಅತ್ತೆ ಅಂಜನಮ್ಮನ ಪಾಲಿಗೆ. ಎಪ್ಪತ್ತೆರಡರ ಅಂಜನಮ್ಮ ಆ ದಿನ ಒಂದು ಮೆಷಿನ್ನನ್ನೂ ಬಿಡುವವಳಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮೊಮ್ಮಗಳ ಸ್ಕೂಟರು, ಬೋರಿನ ಮೋಟಾರು, ಈಳಿಗೆಮಣೆ, ಎಲ್ಲವನ್ನೂ ತೊಳೆದು ಒರೆಸಿ ಅರಿಶಿನ ಕುಂಕುಮ ಇಟ್ಟಳು. ಎಲ್ಲ ಮುಗಿದ ಮೇಲೆ ಸೊಸೆಯ ಮೆಷಿನ್ನಿಗೆ ಪೂಜೆಯಾಗಲಿಲ್ಲವಲ್ಲ ಎಂದು ನೆನಪಾಯಿತು. ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿದಳು. ನೋಡಿದರೆ ಪಾಪ, ಅದರ ಮೈಯೆಲ್ಲ ಮಸಿ.

ಶಶಿಕಲಾ ಮರಳಿ ಬಂದು ಬಾಗಿಲು ತೆರೆದಾಗ ನಟ್ಟಪ್ಪ ಹುಣಸೆಹಣ್ಣು ಉಪ್ಪಿನಲ್ಲಿ ತಿಕ್ಕಿಸಿಕೊಂಡು ಥಳಥಳ ಹೊಳೆಯುತ್ತಿದ್ದ. ಹಣೆಯಲ್ಲಿ ಕುಂಕುಮ, ತಲೆಯ ತೂತಿನಲ್ಲಿ ಚೆಂಡುಹೂವು. ಹದಿನಾಲ್ಕು ತಿಂಗಳು ಎಣ್ಣೆ, ಮಸಿ ಕುಡಿದು ಕಪ್ಪಾಗಿದ್ದವನು, ಏಳು ನಿಮಿಷವೂ ಕಪ್ಪಾಗಿಯೇ ಕಾಣಿಸಿಕೊಂಡವನು, ಕೊನೆಯ ನಲವತ್ತು ಸೆಕೆಂಡಿಗೆ ಮದುವಣಿಗನಾಗಿ ನಿಂತಿದ್ದ. ಇಪ್ಪತ್ಮೂರು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡದ ಶಶಿಕಲಾ ಅಂದು ಬಾಯಿಗೆ ಬಂದದ್ದು ಅಂದುಬಿಟ್ಟಳು. ಹಬ್ಬದ ದಿನ ಮೆಷಿನ್ನು ಕೊಳೆಯಾಗಿರಬಾರದು ಅಂತ ತೊಳೆದೆ ಎಂದಷ್ಟೇ ಹೇಳಿ ಅಂಜನಮ್ಮ ಮೆಟ್ಟಿಲಿಳಿದು ಹೋದಳು. ಆ ದಿನ ಪಾಯಸ ಮುಟ್ಟಲಿಲ್ಲ.

ಮರುದಿನದಿಂದ ಶಶಿಕಲಾ ನಟ್ಟಪ್ಪನಿಗೆ ಮತ್ತೆ ಮಸಿ ಬಳಿಯಲು ಕೂತಳು. ದೀಪದ ಮಸಿ ಬಳಿದರೆ ತೀರಾ ಕಪ್ಪು. ಲೇತಿನ ಹಳೆ ಎಣ್ಣೆ ಬೆರೆಸಿದರೆ ಕಂದು. ಬೂಟ್ ಪಾಲಿಷ್ ಹಚ್ಚಿದರೆ ಅದಕ್ಕೇ ಬೇರೊಂದು ಹೊಳಪು. ಬೇರೆ ಯಾರಿಗಾದರೂ ವ್ಯತ್ಯಾಸ ಗೊತ್ತಾಗುತ್ತಿತ್ತೋ ಇಲ್ಲವೋ, ಚೆಕಿಂಗ್ ಮಾಡಿದ ಕಣ್ಣಿಗೆ ಪ್ರತಿ ಸಲವೂ ಅದು ಬೇರೆ ಬೊಂಬೆ. ಮೂರು ದಿನ ಹಾಳಾಯಿತು. ಮುಂದಿನ ವರ್ಷ ಕಳಿಸಿದರಾಯಿತು, ಬಿಡು ಎಂದಳು ವಚನಾ.

"ಮುಂದಿನ ವರ್ಷ ಅನ್ನೋ ಮಾತು ಬೇಡ ಕಣೇ," ಅಂದಳು ಶಶಿಕಲಾ. "ಹಂಗಂದ್ಕೊಂಡೇ ನಾನು ಹಾಳಾಗಿರೋದು."

ಮಗಳಿಗೆ ಅರ್ಥವಾಗಲಿಲ್ಲ. ಶಶಿಕಲಾ ಮತ್ತೆ ಮಸಿ ಕಲಸಲು ಕೂತಳು.

ನಾಲ್ಕನೆಯ ದಿನ ಬಟ್ಟೆ ಒಣಹಾಕಲು ಹೊರಟವಳಿಗೆ ಅತ್ತೆ ನಲ್ಲಿಯ ಬಳಿ ದೇವರ ದೀಪ ತಿಕ್ಕುತ್ತಿದ್ದದ್ದು ಕಂಡಿತು. ಹುಣಸೆಹಣ್ಣಿನ ರಾಡಿ ಬಳಿದ ದೀಪ ಪೂರ್ತಿ ಕಂದು, ಬೆರಳು ಓಡಿದ ಕಡೆಯೆಲ್ಲ ಹೊಳಪು. ಶಶಿಕಲಾ ಬಕೆಟ್ಟು ಹಿಡಿದು ಅಲ್ಲೇ ನಿಂತಳು. ಏಳು ನಿಮಿಷದಲ್ಲಿ ಎಲ್ಲೂ ಮನುಷ್ಯರಿಲ್ಲ. ಕೊನೆಯಲ್ಲಿ ಒಂದು ಮುದಿ ಕೈ ಬಂದರೆ? ಮೊದಲ ಫೋಟೋದಿಂದಲೇ ನಟ್ಟಪ್ಪನ ಮೈಗೆ ರಾಡಿ ಮೆತ್ತಿದ್ದರೆ ಮಸಿ ಹೊಂದಲಿಲ್ಲವೆಂದು ಯಾರಿಗೂ ತಿಳಿಯುವುದಿಲ್ಲ. ಆ ಕೈ ಅವನನ್ನು ತಿಕ್ಕಿ, ತೊಳೆದು, ಹಣೆಗೆ ಕುಂಕುಮವಿಟ್ಟು ಹೋಗಬೇಕು. ಬಕೆಟ್ಟು ಕೆಳಗಿಟ್ಟು, ತಪ್ಪಾಯ್ತು ಅತ್ತೆ, ನಿಮ್ಮ ಕೈ ಬೇಕು ಎಂದಳು. ಅಂಜನಮ್ಮ ಕೈ ತೊಳೆದುಕೊಳ್ಳದೆಯೇ ಎದ್ದಳು.

ನಾನೂರ ಎಂಬತ್ತು ಫೋಟೋ. ಬೆರಳನ್ನು ಜೋಳದಷ್ಟು ಸರಿಸಬೇಕು, ಉಸಿರು ಹಿಡಿಯಬೇಕು, ಸೊಸೆ ಹೂಂ ಎಂದ ಮೇಲೆ ಮತ್ತೆ ಸರಿಸಬೇಕು. ಮುದುಕಿಯ ಕೈ ಸ್ವಲ್ಪ ನಡುಗುತ್ತಿತ್ತು. ಮೊಣಕೈ ಕೆಳಗೆ ಇಟ್ಟಿಗೆ ಇಟ್ಟು, ಅದರ ಮೇಲೆ ಟವೆಲ್ ಮಡಿಸಿ ಹಾಕಿದರು. ಮೂರನೆಯ ಮಧ್ಯಾಹ್ನ, ಅರ್ಧ ಮೈ ಹೊಳಪಾಗಿದ್ದಾಗ, ಇಷ್ಟಕ್ಕೂ ಇವನು ಮಾಡಿದ ತಪ್ಪೇನು ಎಂದು ಅಂಜನಮ್ಮ ಕೇಳಿದಳು. ಕೆಟ್ಟ ನೀರನ್ನು ಚೆನ್ನಾಗಿದೆ ಅನ್ನಲಿಲ್ಲ, ಅದಕ್ಕೆ ಕೆಲಸದಿಂದ ತೆಗೆದರು ಎಂದಳು ಶಶಿಕಲಾ. ನೀನೂ ಕಾರ್ಖಾನೆಯಲ್ಲಿ ಹಾಗೇ ಮಾಡಿದ್ದೆಯಾ ಎಂದು ಅತ್ತೆ ಮತ್ತೆ ಕೇಳಿದಳು.

ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಶಿಕಲಾ ಫೋನಿನಿಂದ ಕೈ ತೆಗೆದಳು.

"ಇಲ್ಲ ಅತ್ತೆ. ನಾನು ಚೆನ್ನಾಗಿದೆ ಅಂತ್ಲೇ ಬರೆದೆ. ಹನ್ನೊಂದು ವರ್ಷ ಸಹಿ ಹಾಕ್ದೆ."

ಅಂಜನಮ್ಮನ ಅಕ್ಕ ಪಾಪಮ್ಮ ಇರುವುದು ಕೆಂಗೇರಿಯಿಂದ ಕೆಳಗೆ, ನದಿ ಹರಿದುಹೋಗುವ ದಾರಿಯ ಒಂದು ಊರಿನಲ್ಲಿ. ಸೊಪ್ಪಿನ ಮಡಿಗಳಲ್ಲಿ ಬರಿಗಾಲಲ್ಲಿ ನಿಂತು ನಿಂತು ಅವಳ ಪಾದವೆಲ್ಲ ಒಡೆದು ಹುಣ್ಣಾಗಿತ್ತು.

"ಪಾಪಮ್ಮಕ್ಕನ ಹೊಲಕ್ಕೆ ಹೋಗ್ತಿದ್ದದ್ದು ಅದೇ ನೀರು," ಅಂದಳು ಅಂಜನಮ್ಮ. "ನನಗೆ ಹೇಳಿ ಏನು ಬಂತು ಶಶಿ? ಅವಳಿಗೆ ಹೇಳ್ಬೇಕು ನೀನು."

ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದ ಇನ್ನೂರು ಚಿಲ್ಲರೆ ಫೋಟೋ ಮುಗಿಯುವವರೆಗೆ ಇಬ್ಬರ ನಡುವೆ ಇದ್ದದ್ದು ಹೂಂ ಎಂಬುದೊಂದೇ ಮಾತು. ಶಶಿಕಲಾಳಿಗೆ ನಾಚಿಕೆಯಾಗಿತ್ತು, ಭಯವೂ ಆಗಿತ್ತು, ಆದರೂ ಎದೆ ಹಗುರವಾಗಿತ್ತು.

ಕಳಿಸಲು ಒಂದು ದಿನ ಉಳಿದಿದ್ದಾಗ ವಚನಾ ಲ್ಯಾಪ್‌ಟಾಪಿನಲ್ಲಿ ಕೊನೆಯ ಹೆಸರುಗಳನ್ನು ಟೈಪ್ ಮಾಡಲು ಕೂತಳು. ಅಜ್ಜಿಯ ಹೆಸರು ಹಾಕಿದಳು, ಅಪ್ಪನ ಹೆಸರು ಹಾಕಿದಳು. ಆಮೇಲೆ ತಾಯಿ ಹೇಳಿದ ಎರಡು ಸಾಲು ಕೇಳಿ ಅವಳ ಬೆರಳು ನಿಂತಿತು. ಪೀಣ್ಯದ ಒಂದು ಕಾರ್ಖಾನೆಯ ನೀರು ಚೆನ್ನಾಗಿದೆಯೆಂದು ಹನ್ನೊಂದು ವರ್ಷ ಸಹಿ ಹಾಕಿದವಳು ನಾನು, ಶಶಿಕಲಾ. ಚೆನ್ನಾಗಿರಲಿಲ್ಲ. ಮಗಳು ತಿರುಗಿ ತಾಯಿಯ ಮುಖ ನೋಡಿದಳು, ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೇನೋ. ಇಷ್ಟೆಲ್ಲ ಬೇಕಾ ಎಂದು ಮೆಲ್ಲಗೆ ಕೇಳಿದಳು. ಬೇಕು ಎಂದಳು ಶಶಿಕಲಾ. ಟೈಪಾದ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ನೋಡಿ, ಸರಿಯಿದೆ ಎಂದಳು.

ಬಾಗಿಲಲ್ಲಿ ನಿಂತಿದ್ದ ಅಂಜನಮ್ಮ, ಅಲ್ಲೇನು ಬರೆದಿದ್ದೀರಿ ಎಂದು ಕೇಳಿದಳು. ಮೊಮ್ಮಗಳು ಓದಿ ಹೇಳಿದಳು.

"ಪಾಪಮ್ಮಕ್ಕನಿಗೆ ಓದೋಕೆ ಬರಲ್ಲ," ಅಂದಳು ಮುದುಕಿ.

ಏಳು ನಿಮಿಷ ನಲವತ್ತು ಸೆಕೆಂಡಿನ ಆ ಸಿನಿಮಾದಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಶಶಿಕಲಾ ಫೋನು ಕೈಗೆತ್ತಿಕೊಂಡು, ಕೊನೆಗೆ ನನ್ನ ದನಿ ಸೇರಿಸಬೇಕು, ರೆಕಾರ್ಡ್ ಹೇಗೆ ಒತ್ತುವುದು ತೋರಿಸು ಎಂದಳು. ವಚನಾ ತೋರಿಸಿದಳು. ಶಶಿಕಲಾ ಬಾಯಿ ತೆರೆದು ಆ ಎರಡರಲ್ಲಿ ಮೊದಲ ಸಾಲು ಹೇಳಿದಳು. ತನ್ನ ಹೆಸರು ಬರುವ ಕಡೆ ರೆಕಾರ್ಡ್ ನಿಲ್ಲಿಸಿದಳು. ನೀರು ಕುಡಿದು, ಮೊದಲಿನಿಂದ ಮತ್ತೆ ಹೇಳಿದಳು.