ಹೊತ್ತು ಮೀರಿದ ಅನ್ನ

ಇರವದ್ದಿ ಹೊಳೆಯಲ್ಲಿ ದೋಣಿ ಮಗುಚಿ ಗಂಡ ಹೋದ ಮೂರನೇ ತಿಂಗಳು, ಸೇನ್ ಯಿನ್ ಒಂದು ಬುಟ್ಟಿ ಪುಂಡಿಸೊಪ್ಪು ಹೊತ್ತು ಸಗಾಯಿಂಗ್ ಗುಡ್ಡ ಹತ್ತಿದಳು. ಹುಣಸೆತೋಪಿನ ವಿಹಾರದ ಅಡುಗೆಮನೆಗೆ ಸೊಪ್ಪು ಕೊಟ್ಟು ಇಳಿಯುವುದಷ್ಟೇ ಕೆಲಸ. ಬಾಗಿಲಲ್ಲಿ ನಿಂತಿದ್ದ ಎತ್ತರದ ಭಿಕ್ಷು, "ಊಟ ಆಯ್ತಾ, ದಾಯಕಿ?" ಅಂದರು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವ ಮಾತೇ ಅದು. ಆಯ್ತು ಅಂದು ಮುಂದೆ ಹೋಗಬೇಕು. ಅವಳೂ ಆಯ್ತು ಅಂದಳು.

"ಸುಳ್ಳು. ಒಳಗೆ ಹೋಗಿ ಉಣ್ಣಿ. ಅಳೋದು ಆಮೇಲೆ."

ಉಣ್ಣಲು ಹೋದವಳು ಇಪ್ಪತ್ತೊಂಬತ್ತು ವರ್ಷ ಅಲ್ಲೇ ಅಡುಗೆ ಮಾಡಿಕೊಂಡು ಉಳಿದಳು.

ಆ ಭಿಕ್ಷುವೇ ಮುಂದೆ ಹುಣಸೆತೋಪಿನ ಸಯಾಡೋ ಅನ್ನಿಸಿಕೊಂಡು ದೊಡ್ಡ ಗುರುಗಳಾದರು. ಧ್ಯಾನ ಕಲಿಯಲು ಯಾಂಗೋನಿನಿಂದ, ಕಡಲಾಚೆಯಿಂದ ಜನ ಬಂದರು. ಬಂದವರು ದಂಡಿನ ಅಧಿಕಾರಿಯಾದರೂ ಮೊದಲ ಮೂರು ದಿನ ಅಂಗಳ ಗುಡಿಸಬೇಕು. ಅವರು ಅರ್ಹಂತರು, ಅವರ ಎಚ್ಚರ ನಿದ್ದೆಯಲ್ಲೂ ತಪ್ಪುವುದಿಲ್ಲ ಎಂದು ಊರೂರಲ್ಲಿ ನಂಬಿದ್ದರು.

ಎಂಬತ್ತೊಂದನೇ ವಯಸ್ಸಿಗೆ ಆ ಎಚ್ಚರ ತಪ್ಪಿ ಮರೆವು ಹಿಡಿಯಿತು. ಬೆಳಿಗ್ಗೆ ತಟ್ಟೆ ಮುಂದಿಟ್ಟರೆ "ಈಗ ತಾನೇ ಆಯ್ತಲ್ಲ" ಎಂದು ಸರಿಸಿಬಿಡುವರು. ಮಧ್ಯಾಹ್ನ ತಿರುಗಿ ಮೂರು ಗಂಟೆಗೆ, "ಇವತ್ತು ಅನ್ನ ತರೋದು ಮರೆತರಾ, ದಾಯಕಿ?" ಎಂದು ಕೇಳುವರು. ನಡುಹಗಲು ದಾಟಿದ ಮೇಲೆ ಭಿಕ್ಷುಗಳು ಉಣ್ಣುವಂತಿಲ್ಲ. ಔಷಧಿ ಅಂತ ಸಲ್ಲುವ ತಾಳೆಬೆಲ್ಲದ ಎರಡು ಚೂರು, ಒಂದು ಲೋಟ ನೀರು, ಅಷ್ಟೇ ಅವಳು ಕೊಡಬಹುದಾದದ್ದು. ಹೊದ್ದ ಚೀವರದ ಕೆಳಗೆ ಪಕ್ಕೆಲುಬು ಎಣಿಸುವಂತಾದವು.

ದರ್ಶನಕ್ಕೆ ಬಂದ ಹೆಂಗಸರು ಕೈಮುಗಿದು ಹೇಳಿಕೊಂಡರು, "ಒಂದು ಹೊತ್ತು ಅನ್ನ ತಡ ಆದ್ರೆ ನಮ್ಮನೆಯವರು ಸೂರು ಹಾರೋ ಹಾಗೆ ಕೂಗಾಡ್ತಾರೆ. ಇವರು ನೋಡಿ, ಹಸಿವನ್ನೇ ಗೆದ್ದುಬಿಟ್ಟಿದ್ದಾರೆ!"

ಸೇನ್ ಯಿನ್ ಕಿರಿಯ ಗುರು ಊ ಪಂಞ ಅವರ ಮುಂದೆ ಹೋಗಿ ಕೂತಳು.

"ಭಂತೇ, ಗುರುಗಳಿಗೆ ಮರೆವು. ಉಪವಾಸ ಬೀಳ್ತಿದ್ದಾರೆ."

"ಗೊತ್ತು."

"ಮಧ್ಯಾಹ್ನದ ಮೇಲೆ ಉಣ್ಣಿಸೋಕೆ ದಾರಿಯೇ ಇಲ್ವಾ?"

"ಇದೆ. ಬುದ್ಧಿ ಕಳಕೊಂಡ ಭಿಕ್ಷುವಿಗೆ ಆ ನಿಯಮ ಅಂಟೋದಿಲ್ಲ. ಆದರೆ ಸಂಘ ಕೂತು, ಇವರಿಗೆ ಬುದ್ಧಿ ಹೋಗಿದೆ ಅಂತ ಎಲ್ಲರ ಎದುರು ಹೇಳಬೇಕು. ಯಾರು ಹೇಳ್ತಾರೆ? ಹೊರಗೆ ಅವರನ್ನ ನಂಬಿ ನಾನೂರು ಜನ ಕೂತಿದ್ದಾರೆ."

"ಹಸಿದಿರೋದು ಆ ನಾನೂರು ಜನ ಅಲ್ಲ, ಭಂತೇ."

ಸಂಘ ಕೂಡಲಿಲ್ಲ.

ಮಾರನೆಯ ದಿನ ಮೂರು ಗಂಟೆಗೆ ಅವಳೇ ಒಲೆ ಹಚ್ಚಿದಳು. ಮೆತ್ತಗೆ ಅನ್ನ, ಪುಂಡಿಸೊಪ್ಪಿನ ಸಾರು. ಪಾಪ ಬರುವುದಾದರೆ ತನಗೇ ಬರಲಿ ಅಂದುಕೊಂಡು ತಟ್ಟೆಯನ್ನು ಎರಡು ಕೈಯಲ್ಲೂ ಎತ್ತಿ ಅರ್ಪಿಸಿದಳು. ಸಯಾಡೋ ಬಿಸಿ ಅನ್ನವನ್ನೇ ನೋಡಿದರು. ಕೈ ತಟ್ಟೆಯ ಅಂಚಿನವರೆಗೂ ಬಂತು. ಆಮೇಲೆ ಕಿಟಕಿಯಾಚೆ ಹುಣಸೆಮರದ ನೆರಳು ಎಲ್ಲಿಗೆ ಬಂದಿದೆ ಎಂದು ನೋಡಿದರು. ಕೈ ಹಿಂದಕ್ಕೆ ಹೋಯಿತು.

"ಹೊತ್ತು ಮೀರಿದೆ."

"ಯಾರೂ ನೋಡ್ತಿಲ್ಲ, ಭಂತೇ. ಎರಡೇ ತುತ್ತು."

"ನಾನು ಭಿಕ್ಷು ಅಲ್ವಾ, ತಾಯಿ?"

ತಮ್ಮ ಹೆಸರು ಮರೆತಿದ್ದರು, ಇವಳ ಹೆಸರು ಮರೆತಿದ್ದರು. ಅದೊಂದು ಮರೆತಿರಲಿಲ್ಲ. ಆ ದಿನದ ಆಚೆ ಹದಿನಾರು ದಿನ ಉಸಿರಿದ್ದರೂ ಅವಳನ್ನು ಮತ್ತೇನೂ ಕೇಳಲಿಲ್ಲ. ಆ ದಿನ ಅವಳು ತಟ್ಟೆ ಎತ್ತಿಕೊಂಡು ಹೊಸ್ತಿಲು ದಾಟುವಾಗ, ಸಂಕೋಚದಿಂದ, ಹೊಸದಾಗಿ ಬಂದವರ ಹಾಗೆ ಮೆಲ್ಲಗೆ ಕರೆದಿದ್ದರು.

"ಇಲ್ಲಿ ಧ್ಯಾನ ಹೇಳಿಕೊಡೋ ದೊಡ್ಡ ಗುರುಗಳು ಒಬ್ಬರಿದ್ದಾರಂತೆ. ಹಸಿವು ತಡಕೊಳ್ಳೋದು ಹೇಗೆ ಅಂತ ಅವರನ್ನ ಕೇಳಿಕೊಂಡು ಬರ್ತೀರಾ?"