ಜೋಡುಬೇವಿನ ಬಾವಿಯ ನುಡಿ

ರೊಟ್ಟಿ ಆಯಿಯ ಬಲಗೈ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಐವತ್ತು ವರ್ಷ ಜೋಳದ ಹಿಟ್ಟು ಬಡಿದು ಬಡಿದು ಅದು ತಿಕ್ಕಿದ ಪರಾತದ ಹಾಗೆ ನುಣ್ಣಗಾಗಿತ್ತು. ನಮ್ಮ ಖಾನಾವಳಿಗೆ ಊಟಕ್ಕೆ ಬರುತ್ತಿದ್ದ ಜ್ಯೋತಿಷಿಯೊಬ್ಬ ಒಮ್ಮೆ ಆ ಕೈ ಹಿಡಿದು ನೋಡಿ, ಸುಮ್ಮನೆ ಬಿಟ್ಟುಬಿಟ್ಟ.

"ಏನ ಬರದೈತ್ರಿ?" ಎಂದಳು ಆಯಿ.

"ಏನೂ ಕಾಣವಲ್ದು."

"ಹಂಗಾರ ನಾನ ಬರಕೋತೇನಿ ಬಿಡ್ರಿ" ಎಂದು ಮುಂದಿನ ಉಂಡೆಗೆ ಕೈ ಹಾಕಿದಳು.

ಎಪ್ಪತ್ತರ ದಶಕದ ಮಾತು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮಪ್ಪನ ಖಾನಾವಳಿ ಇತ್ತು. ಆಯಿ ಟಿಕೋಟಾ ಕಡೆಯ ಕಳ್ಳಕವಟಗಿಯವಳು. ಗಂಡ ತೀರಿಕೊಂಡ ಮೇಲೆ ವಿಜಾಪುರಕ್ಕೆ ಬಂದು, ನಮ್ಮ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಉಳಿದಿದ್ದಳು. ಹನ್ನೊಂದು ತಿಂಗಳು ರೊಟ್ಟಿ ಬಡಿಯುವುದು, ಹನ್ನೆರಡನೆಯ ತಿಂಗಳು ನಡೆಯುವುದು, ಇದು ಆಕೆಯ ವರ್ಷ. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಓಣಿಯ ಮಂದಿ ಮಲ್ಲಯ್ಯನ ಕಂಬಿ, ಅಂದರೆ ದೇವರ ಕಾವಡಿ, ಹೊತ್ತು ಬರಿಗಾಲಲ್ಲಿ ಶ್ರೀಶೈಲಕ್ಕೆ ಹೊರಡುತ್ತಿದ್ದರು. ಮುಂದಾಳು ನಮ್ಮಪ್ಪ. ಕಂಬಿಯ ಜೊತೆ ಹೆಂಗಸರು ಬೇಡವೆಂದು ಮೊದಲ ವರ್ಷ ಯಾರೋ ತಕರಾರು ತೆಗೆದರಂತೆ. "ನಾ ನಿಮ್ಮ ಜೋಡಿ ಬರಾಕತ್ತಿಲ್ಲ, ನೀವ ನನ್ನ ಜೋಡಿ ಬರಾಕತ್ತೀರಿ" ಎಂದವಳೇ ಆಯಿ ನೂರು ಹೆಜ್ಜೆ ಮುಂದೆ ಹೋಗಿ ನಡೆದಳಂತೆ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಹಾದಿಯುದ್ದಕ್ಕೂ ಆಕೆ ಹಾಡು ಕಟ್ಟುತ್ತಿದ್ದಳು. ಒಂದು ದಿನದ ನಡಿಗೆಗೆ ಮೂರು ಸಾಲಿನ ಒಂದು ನುಡಿ. ಅದರಲ್ಲಿ ಊರುಗಳ ಹೆಸರು ಬರುತ್ತಿರಲಿಲ್ಲ. ಬರುತ್ತಿದ್ದುದು ನೀರಿನ ಹೆಸರು, ನೆರಳಿನ ಹೆಸರು, ಅಲ್ಲಿ ಯಾರು ಏನು ಕೊಟ್ಟರು ಎಂಬುದು. ಒಬ್ಬರು ಅಂಬಲಿ, ಒಬ್ಬರು ಮಜ್ಜಿಗೆ, ಒಬ್ಬಾಕೆ ಒಡೆದ ಹಿಮ್ಮಡಿಗೆ ಹಚ್ಚಲು ಬೇವಿನೆಣ್ಣೆ. ತಿರುಗಿ ಬಂದ ಮೇಲೆ ಬಸ್ಸು ಹತ್ತಿ ಟಿಕೋಟಾ, ಬಬಲೇಶ್ವರ, ಸಾರವಾಡ ಸುತ್ತಿ, ಮನೆ ಬಿಟ್ಟು ಹೊರಡಲಾರದ ಹೆಂಗಸರನ್ನು ಕೂಡಿಸಿಕೊಂಡು, ನೆಲದ ಮೇಲೆ ರೊಟ್ಟಿಯ ತಾಳ ಬಡಿಯುತ್ತ ಇಡೀ ಹಾದಿಯನ್ನು ಹಾಡುತ್ತಿದ್ದಳು. ರಜೆಯಿದ್ದರೆ ನಾನೂ ಜೊತೆಗೆ. ಸಾರವಾಡದಲ್ಲಿ ಒಬ್ಬ ಬಾಣಂತಿ ಹಾಡು ಮುಗಿದಾಗ ತನ್ನ ಕಾಲುಗಳನ್ನು ತಾನೇ ಒತ್ತಿಕೊಳ್ಳುತ್ತಿದ್ದಳು.

"ಮಲ್ಲಯ್ಯ ನನ್ನೊಬ್ಬಾಕಿಗೆ ಕಾಲ ಕೊಟ್ಟಾನೇನು? ಇವರನ್ನೂ ನಡಸಬೇಕಲ್ಲ" ಎನ್ನುತ್ತಿದ್ದಳು ಆಯಿ. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಹಾಡು ಬರೆದಿಡುವ ಕೆಲಸ ಹೈಸ್ಕೂಲಿನ ಹುಡುಗಿ ನನ್ನದು.

ಒಂದು ವರ್ಷ ಹಾದಿಯಲ್ಲಿ ಒಂದು ಸಂಗತಿ ನಡೆಯಿತು, ಆಯಿ ಬಂದು ಹೇಳಿದ್ದು. ತಂಡದಲ್ಲಿ ನಮ್ಮ ರಸ್ತೆಯ ಚಪ್ಪಲಿ ಹೊಲಿಯುವ ಕಾಕಾ ಇದ್ದ. ಬರಿಗಾಲಿನ ಮಂದಿಯ ನಡುವೆ ತನಗೆ ಕೆಲಸವೇ ಇಲ್ಲವೆಂದು ಎಲ್ಲರನ್ನೂ ನಗಿಸುತ್ತಿದ್ದ ಮನುಷ್ಯ. ದಾರಿಯಲ್ಲಿ ಜೋಡುಬೇವಿನ ಬಾವಿ ಎಂಬುದೊಂದಿತ್ತು. ಬಾವಿ ನಮ್ಮ ಸೋದರತ್ತೆಯ ಮಾವನದು, ಅಂದರೆ ಅಪ್ಪನ ತಂಗಿಯನ್ನು ಕೊಟ್ಟ ಮನೆಯದು. ಆ ಹಿರಿಯ ಮೊದಲು ಕಂಬಿಗೆ ನೀರು ಎರೆಸಿದ. ಆಮೇಲೆ ನಡೆದು ಬಂದವರಿಗೆಲ್ಲ ತಂಬಿಗೆ ಕೊಡಿಸಿದ. ಕಾಕಾ ಬೊಗಸೆ ಒಡ್ಡಿದಾಗ ಮಾತ್ರ, "ನಿನಗಿಲ್ಲ, ಮುಂದ ಹಳ್ಳ ಐತಿ ಹೋಗು" ಎಂದ. ಹಳ್ಳ ಒಣಗಿ ತಿಂಗಳಾಗಿತ್ತು. ಆಯಿ ತನ್ನ ತಂಬಿಗೆಯ ನೀರನ್ನೇ ಕಾಕಾನ ಬೊಗಸೆಗೆ ಎರೆಯಹೋದಳು. ಆಳು ತಂಬಿಗೆ ಕಿತ್ತುಕೊಂಡ. ನಮ್ಮಪ್ಪನೂ ಸೇರಿ ಯಾರೂ ತುಟಿ ಬಿಚ್ಚಲಿಲ್ಲ. ಆಯಿ, ಕಾಕಾ ಇಬ್ಬರೂ ಹೊತ್ತು ಇಳಿಯುವವರೆಗೆ ನೀರಿಲ್ಲದೆ ನಡೆದರು.

ಆ ದಿನದ ನುಡಿ ಹೀಗಿತ್ತು:

ಜೋಡಬೇವಿನ ಬಾವ್ಯಾಗ ಕೊಡ ಮುಳುಗೂ ನೀರಿತ್ತ
ನಮ್ಮವನ ಬೊಗಸಿ ಒಣಗಿತ್ತ, ಮಲ್ಲಯ್ಯ
ನೀ ಕುಡದಿ, ನಾವು ಕುಡೀಲಿಲ್ಲ

ಮರುವರ್ಷ ಕಂಬಿ ಹೊರಡುವ ಮುಂಚೆ ಆಯಿಯ ಹಾಡನ್ನು ಅಚ್ಚು ಹಾಕಿಸಿ ಹಂಚಬೇಕೆಂದು ಅಪ್ಪನಿಗೆ ಹುಕಿ ಬಂತು. ಶುದ್ಧ ಪ್ರತಿ ಮಾಡಲು ನನಗೆ ಹೇಳಿದ. "ಆ ಬಾವಿ ನುಡಿ ಒಂದ ಬಿಟ್ಟ ಬರಿ. ನಿಮ್ಮತ್ತಿ ಆ ಮನ್ಯಾಗ ಬಾಳೆ ಮಾಡಬೇಕು" ಎಂದ. ನಾನು ಬಿಟ್ಟು ಬರೆದೆ. ಹೆದರಿ ಬರೆದೆ ಎಂದರೆ ಸುಳ್ಳಾಗುತ್ತದೆ. ಒಂದು ನುಡಿ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೇ ಬರೆದೆ.

ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಆಯಿ ಸಂಜೆಯ ರೊಟ್ಟಿಗೆ ಕೂತಿದ್ದಳು. "ಅಚ್ಚಿಗೆ ಕೊಡೂಕಿಂತ ಮೊದಲ ಒಮ್ಮೆ ಓದಿ ಹೇಳ ಬೇ" ಎಂದಳು. ನಾನು ಓದುತ್ತ ಹೋದೆ. ಆಕೆಯ ಕೈ ಹಿಟ್ಟಿನ ಮೇಲೆ ತಾಳ ಹಾಕುತ್ತ ನನ್ನ ಜೊತೆಗೇ ಬಂತು. ಕರಿಕಲ್ಲಿನ ಕೆರೆಯ ನುಡಿ ಮುಗಿಸಿ ಹುಣಸೆಮರದ ನುಡಿಗೆ ಹೋದೆ. ಕೈ ನಿಂತಿತು.

"ಕೆರಿಯಿಂದ ಹುಣಸಿಮರಕ್ಕ ಹೆಂಗ ಬಂದಿ?"

ನಾನು ಹಾಳೆ ಮಗುಚಿ ಹಾಕಿದೆ.

"ನಡುವ ಒಂದ ದಿನದ ಹಾದಿ ಐತಿ. ಹಾರಿ ಬಂದೀಯೇನ ಬೇ?"

ಹಂಚಿನ ಮೇಲಿನ ರೊಟ್ಟಿ ಕಮರಿದ ವಾಸನೆ ಬಂತು. ಆಯಿಯ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗಲ್ಲೆಯ ಮೇಲೆ ಹಣ ಎಣಿಸುತ್ತಿದ್ದ ಅಪ್ಪ ಎದ್ದು ಒಳಗೆ ಬಂದ.

"ಅಕಿಗೆ ಏನೂ ಅನಬ್ಯಾಡ ಆಯಿ, ನಾನ ಬಿಡಂದೇನಿ. ಒಂದ ನುಡಿ ಹೋದ್ರ ಹಾಡೇನ ಸಾಯತೈತಿ?"

"ಒಂದ ದಿನ ನಡೀಲಿಲ್ಲಂದ್ರ ಶ್ರೀಶೈಲ ಮುಟ್ಟತೀರೇನ್ರಿ ಸಾವಕಾರ್ರ?"

"ಮಲ್ಲಯ್ಯಗ ನೀ ಕುಡದಿ ಅಂತೀಯಲ್ಲ, ಹಂಗ ಅನ್ನೂದ ಚೊಲೋ ಏನು?"

"ಕುಡದಾನ. ನಾ ನೋಡೇನಿ. ನೀವೂ ನೋಡೀರಿ."

ಅಪ್ಪನ ಮುಖ ಕೆಂಪಗಾಯಿತು. "ಆ ನುಡಿ ಬಿಡಲಿಲ್ಲಂದ್ರ ಈ ವರ್ಷ ನಮ್ಮ ಕಂಬಿ ಜೋಡಿ ಬರಬ್ಯಾಡ" ಎಂದ.

"ಬರಬ್ಯಾಡ ಅನ್ನಾಕ ಮಲ್ಲಯ್ಯನ ಹಾದಿ ನಿಮ್ಮ ಖಾನಾವಳಿ ಅಲ್ರಿ. ಹಾಡ ಅಚ್ಚ ಹಾಕಿದ್ರ ಪೂರಾ ಹಾಕ್ರಿ, ಇಲ್ಲಾಂದ್ರ ಬ್ಯಾಡ" ಎಂದು ಆಯಿ ಕರಿದಾದ ರೊಟ್ಟಿಯನ್ನು ಬದಿಗಿಟ್ಟಳು. ಪುಸ್ತಕ ಅಚ್ಚಾಗಲಿಲ್ಲ. ಮರುದಿನ ಆಯಿ ಎಂದಿನಂತೆ ಒಲೆ ಹಚ್ಚಿದಳು. ಅಂಥ ರೊಟ್ಟಿ ಬಡಿಯುವವರು ಇನ್ನೊಬ್ಬರು ಸಿಗಲಾರರು ಎಂದು ಅಪ್ಪನಿಗೂ ಗೊತ್ತಿದ್ದರಿಂದ ಆತನೂ ಆಕೆಯನ್ನು ಕೆಲಸ ಬಿಡಿಸಲಿಲ್ಲ.

ಆ ವರ್ಷ ನಾನೂ ಹಟ ಹಿಡಿದು ನಡೆದೆ. ಮುಂದೆ ಅಪ್ಪನ ಕಂಬಿ, ಕೂಗಿದರೆ ಕೇಳುವಷ್ಟು ಹಿಂದೆ ಆಯಿ ಮತ್ತು ಕಾಕಾ. ನಾನು ಕಂಬಿಯ ಮಂದಿಯ ಕೊನೆಗೆ, ಆಗಾಗ ತಿರುಗಿ ನೋಡುತ್ತ. ನಾಚಿಕೆಯಿಂದ ಆಯಿಯ ಹತ್ತಿರ ಹೋಗಲು ನನಗೆ ಕಾಲು ಬರುತ್ತಿರಲಿಲ್ಲ. ಜೋಡುಬೇವಿನ ಬಾವಿಯಲ್ಲಿ ಎಲ್ಲರೂ ಕುಡಿದರು, ಅಪ್ಪನೂ ಕುಡಿದ. ಅತ್ತೆ ತಾನೇ ತಂಬಿಗೆ ಹಿಡಿದು ನನ್ನ ಮುಂದೆ ಬಂದು ನಿಂತಳು. ಅದೇ ಹೊತ್ತಿಗೆ ಆಯಿ ನಿಲ್ಲದೆ, ಬಾವಿಯ ಕಡೆ ನೋಡದೆ, ಆ ನುಡಿಯನ್ನು ಗಟ್ಟಿಯಾಗಿ ಹಾಡುತ್ತ ಕಾಕಾನ ಜೊತೆ ಮುಂದಕ್ಕೆ ದಾಟಿ ಹೋದಳು.

"ಬ್ಯಾಡತ್ತಿ" ಎಂದೆ ನಾನು. ಅತ್ತೆ ಯಾಕೆಂದು ಕೇಳಲಿಲ್ಲ. ಹಾಡು ಕೇಳದಾಗುವವರೆಗೆ ಆ ಕಡೆಗೇ ನೋಡುತ್ತ ನಿಂತಿದ್ದಳು. ನಾನು ಓಡಿಹೋಗಿ ಆಯಿಯನ್ನು ಕೂಡಿಕೊಂಡೆ. ಆಕೆ ಬೈಯಲಿಲ್ಲ. "ಈಗ ನಡದಿ ನೋಡ" ಎಂದಳು ಅಷ್ಟೇ.

ಆ ದಶಕ ಮುಗಿಯುವ ಮೊದಲೇ ಆಯಿ ಕಳ್ಳಕವಟಗಿಯಲ್ಲಿ ತೀರಿಕೊಂಡಳು. ಸಾರವಾಡದಿಂದ, ಬಬಲೇಶ್ವರದಿಂದ ಹೆಂಗಸರು ಬಂದಿದ್ದರು. ಆ ಬಾಣಂತಿ ಬಂದಿದ್ದಳು, ಜೊತೆಗೆ ಮಗ ನಡೆದುಕೊಂಡು ಬಂದಿದ್ದ. ನಮ್ಮ ಅತ್ತೆಯೂ ಬಂದಿದ್ದಳು. ಮಣ್ಣಿಗೆ ಒಯ್ಯುವ ಮುಂಚೆ ಹೆಂಗಸರು ನೆಲ ಬಡಿಯುತ್ತ ಹಾದಿಯ ಹಾಡು ಎತ್ತಿಕೊಂಡರು. ಕರಿಕಲ್ಲಿನ ಕೆರೆ ದಾಟಿತು. ಕೈಗಳು ನಿಂತವು. ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಮುಖ ನೋಡಿದರು. ಈ ಸಲ ನಾನೇ ಎತ್ತಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದಿಂದ ದನಿ ಬಂತು. ಅತ್ತೆ ಹಾಡುತ್ತಿದ್ದಳು. ಒಂದು ಅಕ್ಷರ ತಪ್ಪದೆ ಮೂರೂ ಸಾಲು ಹಾಡಿ ಮುಗಿಸಿ ಅಪ್ಪನ ಕಡೆ ತಿರುಗಿದಳು.

"ನನ್ನ ಬಾಳೆ ಕೆಡತೈತಿ ಅಂತ ಈ ನುಡಿ ತಗಸಿದ್ಯಲ್ಲ ಅಣ್ಣಾ. ನನ್ನ ಒಂದ ಮಾತ ಕೇಳಿದ್ಯಾ?"

ಅಪ್ಪ ತಲೆ ತಗ್ಗಿಸಿದ. ಹೆಂಗಸರು ಹುಣಸೆಮರದ ನುಡಿ ಎತ್ತಿಕೊಂಡಾಗ, ತಗ್ಗಿಸಿದ ತಲೆಯಲ್ಲೇ ಕಟ್ಟೆಯ ಕಲ್ಲಿನ ಮೇಲೆ ಅವನ ಕೈಯೂ ತಾಳ ಹಾಕಿತು.

ಅಚ್ಚಿಗೆ ಹೋಗದ ಆ ಪ್ರತಿ ಇಂದೂ ನನ್ನ ಹತ್ತಿರ ಇದೆ. ಬಿಟ್ಟ ನುಡಿಯನ್ನು ಆ ರೊಟ್ಟಿ ಹೊತ್ತಿದ ದಿನದ ಸಂಜೆಯೇ ಅಂಚಿನಲ್ಲಿ ಸೊಟ್ಟಗೆ ಸೇರಿಸಿದ್ದೇನೆ. ಅಲ್ಲಿಂದ ಇಲ್ಲಿಯವರೆಗೆ ನಾನು ಬರೆದದ್ದೆಲ್ಲ ಆಯಿಗೆ ಒಮ್ಮೆ ಓದಿ ಹೇಳಿದ ಹಾಗೆಯೇ ಬರೆದದ್ದು. ಮೊನ್ನೆ ಈ ಬರಹ ನೋಡಿದ ನನ್ನ ತಮ್ಮ, "ಅಪ್ಪ ಹೋಗಿ ಎಷ್ಟ ವರ್ಷಾತು. ಆ ಬಾವಿ ಸುದ್ದಿ ಈಗ್ಯಾಕ ಅಕ್ಕಾ, ಬಿಡ" ಎಂದ.

ನಾನು ಬಿಟ್ಟಿಲ್ಲ.